ಲಂಕೆಯಲ್ಲಿ ಯಾರಿದ್ದಾರೆ?

ಒಂದು ಗುಟ್ಟು ಹೇಳಿಬಿಡುತ್ತೇನೆ, ನಗಬೇಡಿ. ಇಪ್ಪತ್ತಾರು ತುಂಬುವವರೆಗೂ ನಾನು ನೆಂಟರಿಲ್ಲದ ಊರಿನಲ್ಲಿ ಒಂದು ರಾತ್ರಿಯೂ ಮಲಗಿದವಳಲ್ಲ. ನಮ್ಮ ಮನೆಯಲ್ಲಿ ಊರುಗಳಿಗೆ ಹೆಸರು ಇದ್ದದ್ದು ಬಸ್ಸಿನ ಬೋರ್ಡಿಗಾಗಿ ಮಾತ್ರ. ಕುಣಿಗಲ್ ಅಂದರೆ ಚಿಕ್ಕಮ್ಮ, ಚೇಳೂರು ಅಂದರೆ ದೊಡ್ಡಪ್ಪ, ಮೈಸೂರು ಅಂದರೆ ಸೋದರಮಾವ. ಅರಮನೆ, ಮೃಗಾಲಯ ಎಲ್ಲ ಸೋದರಮಾವನ ಮನೆಯ ಆಚೀಚೆ ಇರುವ ಕಟ್ಟಡಗಳು. ಎಲ್ಲಿಗಾದರೂ ಹೋಗುತ್ತೇನೆ ಅಂದರೆ ಗುಬ್ಬಿಯ ನಮ್ಮ ಮನೆಯಲ್ಲಿ ಅಮ್ಮ ಎಷ್ಟು ದೂರ, ಎಷ್ಟು ಖರ್ಚು ಎಂದು ಕೇಳುತ್ತಿರಲಿಲ್ಲ. "ಅಲ್ಲಿ ಯಾರವ್ರೆ?" ಎನ್ನುತ್ತಿದ್ದಳು. ಯಾರಾದರೂ ಇದ್ದರೆ ಅದು ಊರು, ಇಲ್ಲದಿದ್ದರೆ ಕಾಡು.

ಇಂಥ ನನ್ನ ತಲೆ ಕೆಟ್ಟದ್ದು ದೇವರಾಯನದುರ್ಗದಲ್ಲಿ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ತುಮಕೂರಿನ ನಮ್ಮ ಹೈಸ್ಕೂಲಿನ ಹುಡುಗಿಯರನ್ನು ಕರೆದುಕೊಂಡು ನಾನೂ ನೂರ್ಜಹಾನಳೂ ಬೆಟ್ಟ ಹತ್ತುತ್ತಿದ್ದೆವು. ನಾನು ಕನ್ನಡ ಟೀಚರ್, ಅವಳು ಭೂಗೋಳದ ಟೀಚರ್. ಮೆಟ್ಟಿಲ ಮೇಲೆ ಇಬ್ಬರು ಬಿಳಿ ಹುಡುಗಿಯರು ಬೆನ್ನಿಗೆ ರಾಗಿ ಮೂಟೆಯಂಥ ಚೀಲ ಕಟ್ಟಿಕೊಂಡು ಕಡಲೆಕಾಯಿ ತಿನ್ನುತ್ತಾ ಕೂತಿದ್ದರು. ಯಾವುದೋ ದೇಶದಿಂದ ಬಸ್ಸು, ಲಾರಿ, ರೈಲು, ಸಿಕ್ಕಿದ್ದು ಹಿಡಿದು ಬಂದವರು. ನನ್ನ ಹರಕು ಇಂಗ್ಲಿಷಿನಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ, "ಇಲ್ಲಿ ನಿಮಗೆ ಯಾರಿದ್ದಾರೆ?" ಯಾರೂ ಇಲ್ಲ ಎಂದು ನಕ್ಕರು. ಅಯ್ಯೋ ಪಾಪ ಅನ್ನಿಸಿತು. ಬೆಟ್ಟ ಇಳಿಯುವ ಹೊತ್ತಿಗೆ ಆ ಪಾಪವೆಲ್ಲ ಹೊಟ್ಟೆಕಿಚ್ಚಾಗಿತ್ತು.

ಬೇಸಿಗೆ ರಜೆಗೆ ನಾವೂ ಬೆನ್ನಿಗೆ ಚೀಲ ಹಾಕಿಕೊಂಡು ಫಾರಿನ್ನಿಗೆ ಹೋಗುವುದೆಂದು ತೀರ್ಮಾನವಾಯಿತು. ಅದೂ ಆ ಬೇಸಿಗೆಯೇ ಆಗಬೇಕಿತ್ತು. ಮಳೆಗಾಲ ಮುಗಿಯುತ್ತಲೇ ನೂರ್ಜಹಾನಳ ಮದುವೆ ಗೊತ್ತಾಗಿತ್ತು, ಆಮೇಲೆ ಅವಳ ರಜೆಯೆಲ್ಲ ಅತ್ತೆಮನೆಯ ಪಾಲು. ಟೀಚರ್ ಸಂಬಳಕ್ಕೆ ಎಟುಕುವ ವಿದೇಶ ಒಂದೇ, ಸಿಲೋನ್. ಅದರ ಹೆಸರು ಆಗಲೇ ಬದಲಾಗಿತ್ತು, ನಮ್ಮ ಬಾಯಿ ಬದಲಾಗಿರಲಿಲ್ಲ. ರಾಮೇಶ್ವರದಲ್ಲಿ ಹಡಗು ಹತ್ತಿದರೆ ಆಚೆ ದಡದಲ್ಲಿ ತಲೈಮನ್ನಾರ್. ನೂರ್ಜಹಾನ್ ಸ್ಟಾಫ್ ರೂಮಿನಲ್ಲಿ ಅಟ್ಲಾಸ್ ಹರಡಿ, ಸ್ಕೇಲಿಟ್ಟು ಗೆರೆ ಎಳೆದಳು. ತುಮಕೂರು, ಬೆಂಗಳೂರು, ಮಧುರೆ, ರಾಮೇಶ್ವರ.

ಅಟ್ಲಾಸನ್ನು ಮನೆಗೆ ತಂದು ತೋರಿಸಿದಾಗ ಆ ಗೆರೆ ನೋಡಿ ಅಮ್ಮ, "ಇದೇನೇ, ಒಬ್ರ ಮನೇನೂ ಮುಟ್ದೆ ಹೋಗೈತೆ?" ಎಂದಳು.

ಅಮ್ಮನ ದಾರಿಯೇ ಬೇರೆ. ಗುಬ್ಬಿಯಿಂದ ಕುಣಿಗಲ್, ಚಿಕ್ಕಮ್ಮನ ಮನೆಯಲ್ಲಿ ಮಧ್ಯಾಹ್ನದ ಊಟ. ಅಲ್ಲಿಂದ ಮೈಸೂರು. ಮೈಸೂರಿಂದ ಕೊಯಮತ್ತೂರು, ಯಾಕೆಂದರೆ ಎದುರುಮನೆಯವರ ಅಳಿಯನಿಗೆ ಅಲ್ಲಿಗೆ ವರ್ಗವಾಗಿತ್ತು. ಮಧುರೆಯಲ್ಲಿ ಅಪ್ಪನ ಜೊತೆ ಕೆಲಸ ಮಾಡಿದ್ದವರೊಬ್ಬರು, ಬದುಕಿದ್ದರೆ. ರಾಮೇಶ್ವರದಲ್ಲಿ ತಾತನ ಕಾಲದ ಪುರೋಹಿತರ ಮನೆ. ಕೊಂಕಣ ಸುತ್ತಿ ಮೈಲಾರಕ್ಕೆ ಹೋದರು ಅನ್ನುತ್ತಾರಲ್ಲ, ಅವರು ಯಾಕೆ ಸುತ್ತಿದರೆಂದು ನನಗೆ ಆಗ ಅರ್ಥವಾಯಿತು. ಕೊಂಕಣದಲ್ಲಿ ಅತ್ತಿಗೆಯ ತವರಿದ್ದಿರಬೇಕು.

ನಗುತ್ತೇನೆ, ನಿಜ. ಆದರೆ ಆ ದಾರಿಯನ್ನು ಹಗುರವಾಗಿ ತಿಳಿಯಬೇಡಿ. ಅಟ್ಲಾಸಿನಲ್ಲಿ ಊರು ಅಂದರೆ ಚುಕ್ಕೆ, ಚುಕ್ಕೆ ಯಾರಿಗಾದರೂ ಕೈಕಾಲು ತೊಳೆಯಲು ನೀರು ಕೊಟ್ಟದ್ದುಂಟೆ? ನಮ್ಮ ಹಿಂದಿನವರು ಕಾಶಿಗೆ ನಡೆದದ್ದೂ ಹೀಗೇ, ಛತ್ರದಿಂದ ಛತ್ರಕ್ಕೆ, ಗುರುತಿನವರಿಂದ ಗುರುತಿನವರಿಗೆ. ಅತಿಥಿ ಎಂದರೆ ತಿಥಿ ನೋಡದೆ ಬರುವವನು ಎಂದು ಪಂಡಿತರು ಅರ್ಥ ಹೇಳುತ್ತಾರೆ. ನೆಂಟ ಹಾಗಲ್ಲ, ಅವನು ತಿಥಿಗೇ ಬರುತ್ತಾನೆ, ಬಂದು ವಡೆ ಗಟ್ಟಿಯಾಯಿತು ಅನ್ನುತ್ತಾನೆ.

ನೂರ್ಜಹಾನಳ ಮನೆಯಲ್ಲೂ ಇದೇ ಕಥೆ. ಅವಳ ತಂದೆಗೆ ಮಂಡಿಪೇಟೆಯಲ್ಲಿ ಬೀಗ, ಚಿಲಕಗಳ ಅಂಗಡಿ. "ಟೀಚರಮ್ಮ, ರಾಮೇಶ್ವರದ ತನಕ ನಮ್ ಪೈಕಿ ವ್ಯಾಪಾರದೋರು ಸಿಗ್ತಾರೆ. ಸಮುದ್ರದ ಆ ಕಡೆ ಯಾರು ಪೆಹಚಾನು, ಯಾರು ಗುರ್ತಿನೋರು?" ಎಂದರು. "ದೊಡ್ಡೋರು ಒಬ್ರು ಜೊತೇಲಿದ್ರೆ ನಾನು ಬೇಡ ಅನ್ನಲ್ಲ. ನೀವಿಬ್ರೇ ಅಂದ್ರೆ ಆಗಲ್ಲ."

ನಾನು ಗುಬ್ಬಿಗೆ ಬಂದು ಅಮ್ಮನ ಮುಂದೆ ಕೂತೆ. ಅಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಾ ಅದೇ ಪ್ರಶ್ನೆ ಕೇಳಿದಳು. "ಸಿಲೋನಲ್ಲಿ ಯಾರವ್ರೆ?"

"ದಿನಾ ಹಾಡು ಹಾಕೋ ರೇಡಿಯೋದೋರು ಅವ್ರೆ" ಎಂದೆ.

ಅಮ್ಮ ನಗಲಿಲ್ಲ. "ಹಿಂದೆ ಒಬ್ಳು ಲಂಕೆಗೆ ಹೋಗ್ಬಂದಿದ್ದಕ್ಕೇ ಬೆಂಕಿಗೆ ಬೀಳೋ ಹಂಗಾಯ್ತು. ಅವಳನ್ನಾದ್ರೂ ಹೊತ್ಕೊಂಡು ಹೋಗಿದ್ರು. ನೀವು ಕೈಯಿಂದ ದುಡ್ಡು ಕೊಟ್ಟು ಟಿಕೀಟು ತಗೊಂಡು ಹೋಗ್ತೀರಾ?"

ನನಗೆ ಅಳುವೇ ಬಂತು. ದರ್ಜಿಯ ಹತ್ತಿರ ಹೊಲಿಸಿದ್ದ ಖಾಕಿ ಚೀಲ ಗೂಟಕ್ಕೆ ನೇತಾಡುತ್ತಿತ್ತು. "ಹೌದಮ್ಮ, ಯಾರೂ ಇಲ್ಲ. ನೆಂಟ್ರಿಲ್ಲ, ಗುರುತಿನೋರಿಲ್ಲ. ನಮ್ಮನ್ನ ಬಲ್ಲ ಒಂದು ನರಪಿಳ್ಳೇನೂ ಇಲ್ಲ!" ಎಂದು ಒದರಿದೆ.

ಮೊರದ ಮೇಲಿನ ಕೈ ನಿಂತಿತು. "ಒಬ್ರೂ ಇಲ್ವಾ?"

"ಇಲ್ಲ."

"ಮದ್ವೆ ಆಗಿ ಹೋದೋರು? ವರ್ಗ ಆಗಿ ಹೋದೋರು?"

"ಇಲ್ಲ ಕಣಮ್ಮ!"

ಅಮ್ಮ ಅಕ್ಕಿಯೊಳಗಿನ ಒಂದು ಕಲ್ಲನ್ನು ಆರಿಸಿ ಎಸೆದಳು. "ಹಂಗಾದ್ರೆ ನಾನೂ ಬರ್ತೀನಿ."

ಅಪ್ಪನ ಊಟಕ್ಕೇನು ಮಾಡುವುದು ಎಂದು ಕೇಳಿದ್ದಕ್ಕೆ, "ಕುಣಿಗಲ್‌ಗೆ ಕಳ್ಸಾಣ, ಅಲ್ಲಿ ಅವ್ರಿಗೆ ನಾದಿನಿ ಅವ್ಳೆ" ಎಂದಳು. ಆಮೇಲೆ ದಾರಿಯ ಲೆಕ್ಕಾಚಾರವೇ ತಲೆಕೆಳಗಾಯಿತು. ಚಿಕ್ಕಮ್ಮ, ಸೋದರಮಾವ, ಎದುರುಮನೆಯ ಅಳಿಯ, ಪುರೋಹಿತರು ಎಲ್ಲರನ್ನೂ ಅಮ್ಮ ಒಂದೇ ಏಟಿಗೆ ಕೈಬಿಟ್ಟಳು. ನೂರ್ಜಹಾನಳ ನೆಟ್ಟನೆ ಗೆರೆಯೇ ಸರಿ ಎಂದಳು. ಪಾಸ್‌ಪೋರ್ಟಿನ ವಿಚಾರಣೆಗೆ ಪೊಲೀಸಿನವರು ಬಂದ ದಿನ, ಈ ಸಾಧು ಹೆಂಗಸು ಏನು ಮಾಡಿಬಿಟ್ಟಳೋ ಎಂದು ಬೀದಿಗೆ ಬೀದಿಯೇ ಬಾಗಿಲಲ್ಲಿ ನಿಂತಿತ್ತು. ನೂರ್ಜಹಾನಳ ತಂದೆ ಸಂತೋಷಪಟ್ಟು ನಮ್ಮ ಬಟ್ಟೆ ಚೀಲಗಳಿಗೆ ಗೋಡೌನಿನ ಬಾಗಿಲಿಗೆ ಹಾಕುವಂಥ ಬೀಗ ಕೊಟ್ಟರು. ಬಟ್ಟೆಗಿಂತ ಬೀಗವೇ ಭಾರ.

ಹಡಗಿನಲ್ಲಿ ನಾವಿಬ್ಬರೂ ವಾಂತಿ ಮಾಡಿ ಸುಸ್ತಾದೆವು. ಅಮ್ಮ ಕಂಬಿ ಹಿಡಿದು ನಿಂತು ಚಕ್ಕುಲಿ ತಿಂದಳು. ನೀರು ನೋಡಿ, "ನಮ್ ಮಾರ್ಕೋನಹಳ್ಳಿ ಕಟ್ಟೇನೂ ತುಂಬಿದಾಗ ಹಿಂಗೇ" ಎಂದು ಸಮುದ್ರದ ವಿಷಯ ಮುಗಿಸಿಬಿಟ್ಟಳು.

ಲಂಕೆಯ ಅನುರಾಧಪುರದಲ್ಲಿ ಒಂದು ಸಣ್ಣ ಲಾಡ್ಜಿನಲ್ಲಿ ಇಳಿದೆವು. ಬೆಳಿಗ್ಗೆ ಎದ್ದರೆ ಪಕ್ಕದಲ್ಲಿ ಅಮ್ಮ ಇಲ್ಲ. ಅಭ್ಯಾಸಬಲ ನೋಡಿ, ನಾನು ನೇರ ಅಡುಗೆಮನೆಗೇ ನುಗ್ಗಿದೆ. ಅಲ್ಲಿದ್ದ ಅಡುಗೆಯವನು ಸೌಟು ಹಿಡಿದೇ ಗಾಬರಿಯಾದ. ಎಂಥ ಊರಿಗೆ ಹೋದರೂ ಅಮ್ಮ ಯಾರಿಗೋ ಅಕ್ಕ, ಯಾರಿಗೋ ಓರಗಿತ್ತಿ, ಯಾರಿಗೋ ಅತ್ತೆ. ಚಪ್ಪಲಿ ಬಿಟ್ಟವಳೇ ಸೆರಗು ಸಿಕ್ಕಿಸಿ ಒಲೆಯ ಮುಂದೆ ಹೋಗುವವಳು. ನೆಂಟರ ಮನೆಯ ಬೀದಿಯನ್ನು ಅವಳು ಹಗಲಲ್ಲಿ ನೋಡಿದ್ದೇ ಕಡಿಮೆ. ಇದು ನನಗೆ ಹೊಳೆದದ್ದು ಪರದೇಶದ ಆ ಅಡುಗೆಮನೆಯ ಬಾಗಿಲಲ್ಲಿ ನಿಂತಾಗ, ಮತ್ತು ನನಗೆ ನಾಚಿಕೆಯಾಯಿತು.

ಅಮ್ಮ ಮುಂದಿನ ಜಗುಲಿಯಲ್ಲಿದ್ದಳು. ಕುರ್ಚಿಯಲ್ಲಿ ಕಾಲು ಚಾಚಿಕೊಂಡು, ಬೇರೆಯವರು ಮಾಡಿಕೊಟ್ಟ ಟೀಯನ್ನು ನಿಧಾನವಾಗಿ ಕುಡಿಯುತ್ತಾ, ಹೋಗಿಬರುವವರನ್ನು ನೋಡುತ್ತಿದ್ದಳು.

"ಏನಮ್ಮ, ಹಿಂಗ್ ಕೂತಿದೀಯ?" ಎಂದೆ.

"ಇಲ್ಲಿ ನಾನು ಯಾರ್ಗೂ ಏನೂ ಆಗ್ಬೇಕಾಗಿಲ್ಲ ಕಣೇ" ಎಂದು ಅಮ್ಮ ಇನ್ನೊಂದು ಲೋಟ ಟೀ ತರಿಸಿದಳು.