ಕನ್ನಡಿಯ ಹಿಂದಿದ್ದ ಮಗಳು

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ನಕ್ಕವಳೇ. ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಕೆಲಸ. ಯಾವುದಕ್ಕೂ ಒಂದು ಕಾರಣ ಇದ್ದೇ ಇರುತ್ತದೆ, ಹುಡುಕಬೇಕು ಅಷ್ಟೇ ಎಂದು ನಂಬಿದ್ದೆ. ಹತ್ತು ವರ್ಷವಾಯಿತು, ಈ ಒಂದಕ್ಕೆ ಮಾತ್ರ ಸಿಕ್ಕಿಲ್ಲ.

ಆಗ ನಾವು ಅಮೆರಿಕದ ಟೆಕ್ಸಸ್‌ನ ಪ್ಲೇನೋದಲ್ಲಿದ್ದೆವು. ಹ್ಯೂಸ್ಟನ್‌ಗೆ ಸರ್ಕಸ್ಸಿನ ಕನ್ನಡಿ ಟೆಂಟ್ ಬಂದಿದೆ ಎಂದು ತಿಳಿದು, ಒಂದು ಭಾನುವಾರ ಮಧ್ಯಾಹ್ನದ ಆಟಕ್ಕೆ ಡ್ರೈವ್ ಮಾಡಿಕೊಂಡು ಹೋದೆವು: ನಾನು, ನನ್ನವರು, ಐದು ವರ್ಷದ ಮಗಳು ಇಳಾ. ಹೆಸರಿಗಷ್ಟೇ ಟೆಂಟು. ಒಳಗೆ ಮರದ ದುಂಡನೆಯ ಕೋಣೆ, ಸುತ್ತಲೂ ಕನ್ನಡಿ, ಮೇಲೆ ಬಣ್ಣದ ಗಾಜು. ನೂರು ವರ್ಷದ ಹಿಂದೆ ಯುರೋಪಿನಲ್ಲಿ ಕಟ್ಟಿದ್ದಂತೆ. ಬಿಚ್ಚಿ ಲಾರಿಗೆ ತುಂಬಿ ಊರೂರು ಸುತ್ತಿಸುತ್ತಾರೆ.

ಹಗ್ಗದ ಮೇಲಿನ ಕಸರತ್ತು ಮುಗಿದು ಇಂಟರ್ವಲ್ ಆಯಿತು. ಜನ ಎದ್ದರು. ನೋಡಿದರೆ ಪಕ್ಕದ ಕುರ್ಚಿಯಲ್ಲಿ ಇಳಾ ಇಲ್ಲ. ನನ್ನವರು ಬಾಗಿಲಿನತ್ತ ಓಡಿದರು. ನಾನು ಅವಳ ಹೆಸರು ಕೂಗುತ್ತ ಸುತ್ತಲೂ ತಿರುಗಿದೆ. ಯಾವ ಕನ್ನಡಿ ನೋಡಿದರೂ ನನ್ನದೇ ಮುಖ. ಅಷ್ಟರಲ್ಲಿ ಒಂದರಲ್ಲಿ ಅವಳು ಕಂಡಳು. ಹಲಗೆಗಳ ರಾಶಿಯ ಪಕ್ಕ ಕೂತಿದ್ದಳು, ಒಂದು ಕಾಲಿನಲ್ಲಿ ಶೂ ಇರಲಿಲ್ಲ. ಸರಕ್ಕನೆ ಹಿಂದೆ ತಿರುಗಿದೆ. ಅಲ್ಲಿ ಹಲಗೆಯೂ ಇಲ್ಲ, ಮಗುವೂ ಇಲ್ಲ.

ಯಾಕೆ ಹಾಗೆ ಮಾಡಿದೆನೋ, ಹೊರಗೋಡಿ ಟೆಂಟನ್ನು ಸುತ್ತಿ ಆ ಕನ್ನಡಿಯ ಹಿಂಭಾಗಕ್ಕೆ ಹೋದೆ. ಮರದ ಗೋಡೆಗೂ ಹೊರಗಿನ ಕ್ಯಾನ್ವಾಸಿಗೂ ನಡುವೆ ಒಂದು ಸಂದು. ಬಿಸಿಲಿಗೆ ಒಲೆಯಂತೆ ಕಾದಿತ್ತು. ಬಾಗಿಲ ಪಕ್ಕದ ಪರದೆಯಡಿ ನುಸುಳಿ ಬಂದಿದ್ದ ಇಳಾ ಹಲಗೆಗಳ ಪಕ್ಕ ಬೆವರಿ ತೊಪ್ಪೆಯಾಗಿ ಕೂತಿದ್ದಳು. ಶೂ ಹಲಗೆಯಡಿ ಸಿಕ್ಕಿಕೊಂಡಿತ್ತು. ಇನ್ನೊಂದು ಅರ್ಧ ಗಂಟೆ ಆಗಿದ್ದರೆ ಎಂದು ಈಗಲೂ ಯೋಚಿಸಲಾರೆ.

ಟೆಂಟಿನ ವಯಸ್ಸಾದ ಬಡಗಿ ನನ್ನ ಮಾತು ಕೇಳಿ ನಗಲಿಲ್ಲ. ಗೋಡೆಯನ್ನು ಕುಟ್ಟಿ ತೋರಿಸಿದ: ಗಟ್ಟಿ ಮರ. ನಾನೂ ಎರಡೂ ಕಡೆಯಿಂದ ಕೈಯಾಡಿಸಿ ನೋಡಿದೆ. ಆಮೇಲೆ ಅವನೇ ಆ ಸಂದಿನಲ್ಲಿ ಹೋಗಿ ಕೂತ. ಒಳಗಿನ ಒಂದು ಕನ್ನಡಿಯಲ್ಲೂ ಕಾಣಲಿಲ್ಲ.

"ಗಾಬರ್ಯಾಗ ಏನೋ ಕಂಡಿರಬೇಕು ಬಿಡು," ಎಂದರು ಹುಬ್ಬಳ್ಳಿಯವರಾದ ನನ್ನ ಗಂಡ, ಕಾರು ಸ್ಟಾರ್ಟ್ ಮಾಡುತ್ತ.

"ಶೂ ಇರ್ಲಿಲ್ಲ ಅಂತ ನಂಗೆ ಹೇಗ್ರೀ ಗೊತ್ತಾಯ್ತು?"

ಹಿಂದಿನ ಸೀಟಿನಿಂದ ಇಳಾ, "ಅಮ್ಮಾ, ಯೂ ಸಾ ಮೀ. ಐ ವೇವ್ಡ್," ಎಂದಳು.

"ಎಲ್ಲಿಂದ ಪುಟ್ಟಾ?"

"ಫ್ರಮ್ ದ ವಿಂಡೋ."

ಇಳಾಗೆ ಈಗ ಹದಿನೈದು. ಅವಳಿಗೆ ಅದೇನೂ ನೆನಪಿಲ್ಲ. ಆ ಗೋಡೆಯಲ್ಲಿ ಕಿಟಕಿ ಇರಲಿಲ್ಲ.