ಪಾಚಿ ತಿನ್ನೋ ಮೀನಿಗೆ ನಾನು ಮಾಡಿದ ಚೌಕಾಸಿ

ಯಾರದಾದರೂ ಮನೆಯಲ್ಲಿ ಗಾಜಿನ ಮೀನುತೊಟ್ಟಿ ಇದ್ದರೆ ಬೀದಿಯ ಮಕ್ಕಳೆಲ್ಲ ಕಿಟಕಿಗೆ ಮೂಗು ಒತ್ತಿ ನಿಲ್ಲುತ್ತಿದ್ದ ಕಾಲ ಅದು. ಎಂಬತ್ತರ ದಶಕದ ಹೊನ್ನಾಳಿ. ಪಕ್ಕದ ಮನೆಯ ಬ್ಯಾಂಕಿನವರು ವರ್ಗವಾಗಿ ಹೋಗುವಾಗ ನನ್ನ ತಮ್ಮ ಶಿವುಗೆ ಒಂದು ತೊಟ್ಟಿ, ಮೂರು ಕೆಂಪು ಮೀನು ಕೊಟ್ಟರು. ಅವನಿಗೆ ಆರು ವರ್ಷ, ನನಗೆ ಹನ್ನೊಂದು. ಮೂರಕ್ಕೂ ಹೆಸರಿಟ್ಟು, ತಟ್ಟೆ ಹಿಡಿದು ಅವುಗಳ ಮುಂದೆಯೇ ಕೂತು ಉಣ್ಣುತ್ತಿದ್ದ.

ಪಾಚಿಯೇ ನಮಗೆ ಹಿಡಿದ ಶನಿ. ಭಾನುವಾರ ತೆಂಗಿನ ನಾರು ಹಾಕಿ ತಿಕ್ಕಿದರೆ ಗುರುವಾರಕ್ಕೆ ಮತ್ತೆ ಹಸಿರು. ರೊಟ್ಟಿ ಮುರಿದರೂ ಕೈಯಲ್ಲಿ ಕೆರೆಯ ವಾಸನೆ. ತೊಟ್ಟಿಯನ್ನು ಬಿಸಿಲ ಕಿಟಕಿಯಿಂದ ಸರಿಸಿದ್ದರೆ ಅರ್ಧ ಪಾಚಿ ಬರುತ್ತಲೇ ಇರಲಿಲ್ಲ. ನೀವು ಇಟ್ಟಿದ್ದರೆ ಇವತ್ತೇ ಸರಿಸಿಬಿಡಿ. ನಮಗೆ ಹೇಳುವವರಿರಲಿಲ್ಲ. ಬ್ಯಾಂಕಿನವರು ಹೇಳಿಹೋಗಿದ್ದು ಇಷ್ಟೇ: "ಪಾಚಿ ತಿನ್ನೋ ಮೀಸೆ ಮೀನು ಅಂತ ಸಿಗುತ್ತೆ, ಒಂದು ಬಿಡ್ರಿ."

ಲಿಂಗ ಕಟ್ಟಿದ ಮನೆ ನಮ್ಮದು. ಮೀನು ನೀರಲ್ಲಿರುತ್ತದೆ ಎಂಬುದು ಬಿಟ್ಟರೆ ಬೇರೇನೂ ಗೊತ್ತಿಲ್ಲ. ಆದರೆ ಸಂತೆಯಲ್ಲಿ ಬದನೆಕಾಯಿ ಚೌಕಾಸಿ ಮಾಡಿ ಅವ್ವನಿಂದ ಶಭಾಷ್ ಅನ್ನಿಸಿಕೊಂಡವಳು ನಾನು. ಬಕೆಟ್ಟು ಹಿಡಿದು, ಶಿವುನ ಕರಕೊಂಡು ಹೊಳೆದಂಡೆಗೆ ಹೋದೆ. ಬಲೆ ಬಿಡಿಸುತ್ತಿದ್ದ ತಾತನೊಬ್ಬನ ಬಳಿ ಗೇಣುದ್ದದ ಮೀಸೆ ಮೀನೊಂದು ಹೊರಳಾಡುತ್ತಿತ್ತು. ಪಕ್ಕದ ಡಬ್ಬಿಯಲ್ಲಿ ಮಣ್ಣುಬಣ್ಣದ, ಬೆರಳುದ್ದದ ಮೀನುಗಳು.

"ಪಾಚಿ ತಿನ್ನಾಕೆ ಅಂದ್ರೆ ಈ ಸಣ್ಣವು ತಗಾ ಮಗಾ. ಕಲ್ಲಿಗೆ ಕಚ್ಚಿಕೊಂಡು ಕೆರೀತಾವೆ," ಅಂದ.

"ಇವಕ್ಕೆ ಮೀಸೆ ಎಲ್ಲೈತೆ?"

"ಮೀಸೆ ಇದ್ದೋರೆಲ್ಲ ಸೊಪ್ಪು ತಿಂತಾರೇನವ್ವಾ? ಆ ದೊಡ್ಡದು ಮುರುಗೋಡು. ಬ್ಯಾಡ."

ದೊಡ್ಡದನ್ನು ಬೇರೆಯವರಿಗೆ ಉಳಿಸಿಕೊಂಡು ಕಸ ನನಗೆ ಸಾಗಹಾಕುತ್ತಿದ್ದಾನೆ ಅಂದುಕೊಂಡೆ. ದೊಡ್ಡ ಮೀನು, ದೊಡ್ಡ ಹೊಟ್ಟೆ, ಜಾಸ್ತಿ ಪಾಚಿ: ಇದು ನನ್ನ ಲೆಕ್ಕ. "ಕೊಡಾಕೆ ಮನಸಿಲ್ಲ ಅಂತ ಹೇಳು ತಾತಾ!" ಎಂದು ಜಗ್ಗಾಡಿ, ಅರ್ಧ ಬೆಲೆಗೆ ಮುರುಗೋಡನ್ನೇ ತಂದು ತೊಟ್ಟಿಗೆ ಬಿಟ್ಟೆ.

ಬೆಳಗ್ಗೆ ಎದ್ದು ನೋಡಿದರೆ ಪಾಚಿ ಇದ್ದಂತೆಯೇ ಇತ್ತು. ಮುರುಗೋಡು ಹೊಟ್ಟೆ ಉಬ್ಬಿಸಿಕೊಂಡು ತಳದಲ್ಲಿ ಬಿದ್ದಿತ್ತು. ಕೆಂಪು ಎಂಬುದು ಎಲ್ಲೂ ಇಲ್ಲ.

"ಅವು ಎಲ್ಲಿಗೆ ಹೋದ್ವು ಅಕ್ಕಾ?" ಅಂದ ಶಿವು.

ಅವ್ವ ಬಂದು ನೋಡಿ, "ಮೀನು ಮೀನನ್ನೇ ತಿಂತೈತೇನೇ? ಶಿವಶಿವಾ!" ಎಂದು ಬಾಯಿಗೆ ಸೆರಗು ಒತ್ತಿಕೊಂಡಳು.

ಮುರುಗೋಡನ್ನು ಹೊಳೆಗೆ ವಾಪಸು ಒಯ್ದೆ. ತಾತ ನಗಲಿಲ್ಲ, ಬೈಯಲಿಲ್ಲ. ನಾಲ್ಕು ಸಣ್ಣವನ್ನು ಸುಮ್ಮನೆ ಬಕೆಟ್ಟಿಗೆ ಹಾಕಿದ. ವಾರದೊಳಗೆ ಗಾಜು ಕನ್ನಡಿಯಂತಾಯಿತು. ಶಿವು ಆ ಕಡೆ ತಿರುಗಿಯೂ ನೋಡಲಿಲ್ಲ.

ಈಗ ನನ್ನದೇ ಅಂಗಡಿಯಿದೆ. ಮಿಕ್ಸಿ ಯಾವುದು ಒಳ್ಳೇದು, ಫ್ರಿಜ್ಜು ಯಾವುದು ಬಾಳಿಕೆ ಎಂದು ಚನ್ನಗಿರಿ, ನ್ಯಾಮತಿಯಿಂದ ಜನ ಬಂದು ಕೇಳುತ್ತಾರೆ. ಕೇಳದವರಿಗೂ ಹೇಳುತ್ತೇನೆ. ಶಿವು ಮಾತ್ರ ದಾವಣಗೆರೆಗೆ ಹೋಗಿ, ಹೇಳಿದಷ್ಟು ಬೆಲೆ ಕೊಟ್ಟು ತರುತ್ತಾನೆ. ಮುರುಗೋಡು ತರುವ ಮುಂಚೆ ಅವನು ಎರಡು ಪೆಪ್ಪರಮಿಂಟನ್ನು ಅಂಗೈಯಲ್ಲಿಟ್ಟುಕೊಂಡು, "ಅಕ್ಕಾ, ಯಾವ್ದು ತಗಳ್ಳಿ?" ಎಂದು ನನ್ನ ಮುಖ ನೋಡುತ್ತಿದ್ದ. ಆ ಬೆಳಗ್ಗೆಯಿಂದ ಇವತ್ತಿನವರೆಗೆ ಒಮ್ಮೆಯೂ ಕೇಳಿಲ್ಲ.