ಚಿತ್ರಕಲೆ ಮಾಸ್ತರರ ಬೆರಳುಗಳು

ನಿನ್ನೆ ಗದಗಿನ ನಮ್ಮ ಮನೆಯ ಅಂಗಳದಲ್ಲಿ ಮಗಳು ಶಾಲೆಯ ಪ್ರಾಜೆಕ್ಟಿಗೆಂದು ಜೇಡಿಮಣ್ಣು ಕಲಸುತ್ತಿದ್ದಳು. ಆ ಹಸಿ ವಾಸನೆ ನನ್ನನ್ನು ಹಮ್ಮಿಗಿ ಕಡೆಯ ನಮ್ಮ ಹೈಸ್ಕೂಲಿಗೆ ಎಳೆದೊಯ್ದಿತು.

ಚಿತ್ರಕಲೆ ಮಾಸ್ತರು ಹಳೆಯ ಗುಡಿಗಳ ಇತಿಹಾಸವನ್ನು ಬಾಯಿಪಾಠ ಮಾಡಿಸುತ್ತಿರಲಿಲ್ಲ. ಹೊಳೆಯ ಮಣ್ಣು ತರಿಸಿ, ನಮ್ಮ ಕೈಯಿಂದಲೇ ಕೆತ್ತನೆಯ ಕಂಬ ಮಾಡಿಸುತ್ತಿದ್ದರು. ಮಾಡಿದ್ದನ್ನು ಬೆರಳಿನಿಂದ ಸವರಿ ಸವರಿ ತಿದ್ದುತ್ತಿದ್ದರು. ಅದು ಅವರ ರೂಢಿ ಎಂದುಕೊಂಡಿದ್ದೆವು.

ಒಂದು ದಿನ ಗೆಳತಿ ರೇಣುಕಾ ಕಂಬದ ಚಿತ್ರದ ಬದಲು ತಪ್ಪಿ ಖಾಲಿ ಹಾಳೆ ಕೊಟ್ಟಳು. ಮಾಸ್ತರು ಅದನ್ನು ಮುಖದ ಹತ್ತಿರ ಹಿಡಿದು, "ಚಲೋ ಬಂದೈತಿ ಬಿಡವಾ" ಎಂದರು. ಯಾರೂ ನಗಲಿಲ್ಲ. ಏನೋ ತಪ್ಪಿತೆಂದು ತಿಳಿದು ಅವರು ಹಾಳೆಯನ್ನು ಬೆರಳಿನಿಂದ ಸವರತೊಡಗಿದರು.

"ಕಣ್ಣು ಕಾಣಂಗಿಲ್ಲೇನ್ರಿ ಸರ್?" ರೇಣುಕಾ ಅಳುತ್ತ ಕೇಳಿದಳು.

"ಬೆಳಕಷ್ಟ ಕಾಣತೈತಿ. ಹೆಡ್‌ಮಾಸ್ತರಿಗೆ ಹೇಳಬ್ಯಾಡ್ರಿ, ನಿಮ್ಮ ಕಾಲ ಬೀಳ್ತೀನಿ. ಲಕ್ಷ್ಮೇಶ್ವರದ ಗುಡಿ ಒಂದು ತೋರಿಸ್ತೀನಿ, ಆಮ್ಯಾಲ ನಾನಽ ಹೋಗ್ತೀನಿ."

ಆ ವಾರವೇ ನಮ್ಮನ್ನು ಕರೆದೊಯ್ದರು. ಅಲ್ಲಿ ಗೋಡೆಯನ್ನು ಎರಡೂ ಕೈಯಿಂದ ತಡವುತ್ತ, "ಹಂಸ ಎಲ್ಲೈತಿ? ಇಲ್ಲೇ ಇತ್ತಲ್ಲ, ಜಲ್ದಿ ಹೇಳ್ರಿ" ಎಂದು ಚಡಪಡಿಸಿದರು. ನಾನು ಅವರ ಕೈ ಹಿಡಿದು ಗೋಡೆಯಲ್ಲಿ ಕೆತ್ತಿದ್ದ ಹಂಸದ ಮೇಲಿಟ್ಟೆ. ಅದರ ಕೊಕ್ಕು ಮುರಿದಿತ್ತು. ಅವರು ಅಲ್ಲಿಯೇ ಕುಸಿದು ಬಿಕ್ಕಿ ಬಿಕ್ಕಿ ಅತ್ತರು. "ಇನ್ನ ನೀವಽ ನೋಡಬೇಕ್ರವಾ."

ಸೋಮವಾರ ಅವರು ಬರಲಿಲ್ಲ. ನಾವು ಅವರ ಬಾಡಿಗೆ ಮನೆಗೆ ಓಡಿದೆವು. ಬೀಗ ಬಿದ್ದಿತ್ತು. ಚಿತ್ರಕಲೆಯ ತಾಸು ಗಣಿತಕ್ಕೆ ಹೋಯಿತು.

ಇಷ್ಟನ್ನು ಕೇಳಿದ ಮಗಳು, "ಆಮ್ಯಾಲ ಆ ಸರ್ ಏನಾದ್ರವ್ವಾ?" ಎಂದಳು.

"ಗೊತ್ತಿಲ್ಲವಾ" ಎಂದು, ಅವಳು ಕಲಸಿದ ಮಣ್ಣನ್ನು ಕಣ್ಣು ಮುಚ್ಚಿ ಬೆರಳಿನಿಂದ ಸವರಿದೆ.